ತೂಕವಿಲ್ಲದ ಬೆಳಕು ತಳ್ಳುವುದು ಹೇಗೆ?

ವಿಜಯಪುರದ ನಮ್ಮ ಓಣಿಯಲ್ಲಿ ಈಗ ಮಾಳಿಗೆ ಮೇಲೆ ಸೋಲಾರ್ ಫಲಕ ಕೂರಿಸುವ ಕೆಲಸ ಜೋರಾಗಿ ನಡೆದಿದೆ. 2024ರಲ್ಲಿ ಸೂರ್ಯ ಘರ್ ಯೋಜನೆ ಬಂದ ಮೇಲೆ ಬಿಸಿಲಿನ ಲೆಕ್ಕ ಎಲ್ಲರ ಬಾಯಲ್ಲೂ ಬಂದಿದೆ. ಎಷ್ಟು ಕಿಲೋವ್ಯಾಟ್, ಎಷ್ಟು ಯೂನಿಟ್, ಎಷ್ಟು ಸಬ್ಸಿಡಿ. ಪಕ್ಕದ ಮನೆಯ ಅಜ್ಜ ಮಾತ್ರ ಬೇರೆಯದನ್ನೇ ಕೇಳಿದರು. ಅವರದು ಹಳೆಯ ಮನೆ, ಮಾಳಿಗೆಯ ಚಿಂತೆ ಅವರಿಗೆ. "ಫಲಕದ ಭಾರ ಸರಿ. ದಿನಾ ಇಷ್ಟು ಬಿಸಲು ಬೀಳತೈತಲ್ಲ, ಅದರ ಭಾರ ಬೀಳಂಗಿಲ್ಲೇನು?"

ಅವರ ಮೊಮ್ಮಗ ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ಬೆಳಕಿಗೆ ತೂಕವೇ ಇಲ್ಲ ಅಂತ ಅಜ್ಜನಿಗೆ ಹೇಳಿಬಿಟ್ಟ. ಆಮೇಲೆ ಅವನಿಗೇ ಗೊಂದಲ ಶುರುವಾಯಿತು. ಒಂಬತ್ತನೇ ತರಗತಿಯಲ್ಲಿ ಅವನು ಕಲಿತಿದ್ದು, ಸಂವೇಗ ಅಂದರೆ ರಾಶಿಯನ್ನು ವೇಗದಿಂದ ಗುಣಿಸಿದ್ದು ಅಂತ. ಬೆಳಕಿನ ರಾಶಿ ಸೊನ್ನೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ ತಾನೇ? ಆದರೆ ಪಿಯುಸಿ ಪುಸ್ತಕದಲ್ಲಿ ಬೆಳಕಿನ ಕಣಕ್ಕೆ ಸಂವೇಗ ಇದೆ ಅಂತ ಬರೆದಿದೆ. ಬೆಳಕಿನ ತಳ್ಳುವಿಕೆಯಿಂದಲೇ ಬಾಹ್ಯಾಕಾಶದಲ್ಲಿ ನೌಕೆ ಓಡಿಸಿದ್ದಾರೆ ಅಂತಲೂ ಅವನು ಓದಿದ್ದ. ಎರಡರಲ್ಲಿ ಯಾವುದು ನಿಜ?

ಎರಡೂ ನಿಜ. ಅಜ್ಜನ ಪ್ರಶ್ನೆಯೂ ಸರಿಯಾದದ್ದೇ. ಬಿಸಿಲು ಮಾಳಿಗೆಯನ್ನು ಒತ್ತುತ್ತದೆ, ಆದರೆ ಭಾರ ಇದ್ದುದರಿಂದ ಅಲ್ಲ. ಇದನ್ನು ಬುಡದಿಂದ ನೋಡೋಣ.

ರಾಶಿ, ಸಂವೇಗ, ಬಲ

ನಮ್ಮ ಕಡೆ ರಾಶಿ ಅಂದರೆ ಕಣದಲ್ಲಿ ಜೋಳ ತೂರಿ ಹಾಕಿದ ಗುಡ್ಡೆ. ಭೌತಶಾಸ್ತ್ರದಲ್ಲಿ ದ್ರವ್ಯರಾಶಿ ಅಂದರೆ ಒಂದು ವಸ್ತುವನ್ನು ಅಲುಗಿಸಲು ಎಷ್ಟು ಕಷ್ಟ ಎಂಬುದರ ಅಳತೆ. ಖಾಲಿ ಟ್ರೇಲರನ್ನು ನಾಲ್ಕು ಜನ ಸೇರಿ ತಳ್ಳಬಹುದು. ಕಬ್ಬು ಹೇರಿದ ಟ್ರೇಲರ್ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ತೂಕ ಬೇರೆ. ಭೂಮಿ ಆ ರಾಶಿಯನ್ನು ಎಷ್ಟು ಜೋರಾಗಿ ಎಳೆಯುತ್ತದೆ ಎಂಬುದು ತೂಕ. ಅದೇ ಟ್ರೇಲರ್ ಚಂದ್ರನ ಮೇಲಿದ್ದರೆ ತೂಕ ಆರನೇ ಒಂದು ಪಾಲು ಆಗುತ್ತದೆ, ರಾಶಿ ಅಷ್ಟೇ ಇರುತ್ತದೆ. ಹೀಗಾಗಿ "ಬೆಳಕಿಗೆ ತೂಕ ಇದೆಯೇ" ಎಂದು ಕೇಳುವ ಬದಲು "ಬೆಳಕಿಗೆ ರಾಶಿ ಇದೆಯೇ" ಎಂದು ಕೇಳುವುದು ಸರಿ.

ಸಂವೇಗ ಅಂದರೆ ಓಡುವ ವಸ್ತುವಿನಲ್ಲಿರುವ ನೂಕು. ಅದನ್ನು ನಿಲ್ಲಿಸಬೇಕಾದರೆ ಆ ನೂಕನ್ನು ಯಾರಾದರೂ ತಮ್ಮ ಮೈಮೇಲೆ ತೆಗೆದುಕೊಳ್ಳಲೇಬೇಕು. ಸಂವೇಗ ಮಾಯವಾಗುವುದಿಲ್ಲ, ಕೈ ಬದಲಾಯಿಸುತ್ತದೆ ಅಷ್ಟೇ. ಅದು ಎಷ್ಟು ಬೇಗ ಕೈ ಬದಲಾಯಿಸುತ್ತದೆಯೋ ಅದನ್ನೇ ಬಲ ಅನ್ನುತ್ತೇವೆ.

ಆಲಮಟ್ಟಿ ಹಿನ್ನೀರಿನಲ್ಲಿ ಒಂದು ತೆಪ್ಪ ನಿಂತಿದೆ ಅಂದುಕೊಳ್ಳಿ. ದಂಡೆಯ ಮೇಲಿರುವವನು ಇಂಡಿ ತಾಲೂಕಿನ ನಿಂಬೆಹಣ್ಣನ್ನು ಒಂದೊಂದಾಗಿ ತೆಪ್ಪದಲ್ಲಿ ಕುಳಿತವನಿಗೆ ಎಸೆಯುತ್ತಾನೆ. ಇವನು ಹಿಡಿಯುತ್ತಾನೆ. ಪ್ರತಿ ಹಣ್ಣಿಗೂ ತೆಪ್ಪ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಈಗ ಹಿಡಿಯುವುದು ಬಿಟ್ಟು ಒಂದು ಹಲಗೆ ಅಡ್ಡ ಹಿಡಿಯಲಿ. ಹಣ್ಣು ಬಡಿದು ಅದೇ ವೇಗದಲ್ಲಿ ಹಿಂದಕ್ಕೆ ಪುಟಿದರೆ ತೆಪ್ಪಕ್ಕೆ ಎರಡು ಪಟ್ಟು ನೂಕು. ಬಂದ ಹಣ್ಣನ್ನು ನಿಲ್ಲಿಸಿದ್ದಕ್ಕೆ ಒಂದು, ತಿರುಗಿ ಕಳಿಸಿದ್ದಕ್ಕೆ ಇನ್ನೊಂದು. ಈ ಎರಡು ಪಟ್ಟಿನ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬೆಳಕೂ ಕಾಳು ಕಾಳಾಗಿ ಬರುತ್ತದೆ

ಬೆಳಕು ಅಲೆ ಎಂಬುದು ಹಳೆಯ ಮಾತು, ಸುಳ್ಳಲ್ಲ. ಆದರೆ ಅದು ಶಕ್ತಿಯನ್ನು ಕೊಡುವಾಗ ಸಣ್ಣ ಸಣ್ಣ ಕಂತಿನಲ್ಲಿ ಕೊಡುತ್ತದೆ. 1905ರಲ್ಲಿ ಐನ್‌ಸ್ಟೈನ್ ಇದನ್ನು ಮುಂದಿಟ್ಟರು. ಫೋಟಾನ್ ಎಂಬ ಹೆಸರು ಈ ಕಂತಿಗೆ ಅಂಟಿಕೊಂಡಿದ್ದು 1926ರ ನಂತರ. ನೀರು ಧಾರೆಯಾಗಿ ಕಂಡರೂ ಹನಿಯಿಂದಲೇ ಆಗಿರುತ್ತದಲ್ಲ, ಹಾಗೆ.

ಎಲ್ಲ ಫೋಟಾನ್‌ಗಳೂ ಖಾಲಿ ಜಾಗದಲ್ಲಿ ಒಂದೇ ವೇಗದಲ್ಲಿ ಓಡುತ್ತವೆ. ಸೆಕೆಂಡಿಗೆ 29,97,92,458 ಮೀಟರ್. ಶಕ್ತಿ ಮಾತ್ರ ಬೇರೆ ಬೇರೆ. ನೀಲಿ ಬೆಳಕಿನ ಫೋಟಾನ್‌ಗೆ ಕೆಂಪಿನದಕ್ಕಿಂತ ಜಾಸ್ತಿ ಶಕ್ತಿ, ಎಕ್ಸ್-ರೇ ಫೋಟಾನ್‌ಗೆ ಇನ್ನೂ ಜಾಸ್ತಿ. ಏಪ್ರಿಲ್ ಮಧ್ಯಾಹ್ನ ಒಂದು ಚದರ ಮೀಟರ್ ಮಾಳಿಗೆ ಮೇಲೆ ಒಂದು ಸೆಕೆಂಡಿನಲ್ಲಿ ಬೀಳುವ ಫೋಟಾನ್‌ಗಳ ಸಂಖ್ಯೆ ಬರೆಯಬೇಕಾದರೆ 4 ಬರೆದು ಮುಂದೆ ಸುಮಾರು 21 ಸೊನ್ನೆ ಇಡಬೇಕು. ಅಷ್ಟು ಸಣ್ಣ ಕಾಳು, ಅಷ್ಟು ದೊಡ್ಡ ಸುರಿಮಳೆ.

ಗೌಂಡಿಯ ಮೂರು-ನಾಲ್ಕು-ಐದು

ಈಗ ಗಂಟು ಇರುವ ಜಾಗಕ್ಕೆ ಬಂದೆವು. ರಾಶಿ ಇಲ್ಲದೆ ಸಂವೇಗ ಹೇಗೆ?

ಮನೆ ಕಟ್ಟುವಾಗ ಗೌಂಡಿ ಮೂಲೆ ಸರಿಯಾಗಿದೆಯೇ ಎಂದು ನೋಡುವ ರೀತಿ ನಿಮಗೆ ಗೊತ್ತಿರಬಹುದು. ಒಂದು ಗೋಡೆಯ ಗುಂಟ ಮೂರು ಅಡಿ, ಇನ್ನೊಂದರ ಗುಂಟ ನಾಲ್ಕು ಅಡಿ ಗುರುತು ಮಾಡುತ್ತಾನೆ. ನಡುವಿನ ಓರೆ ದಾರ ಸರಿಯಾಗಿ ಐದು ಅಡಿ ಬಂದರೆ ಮೂಲೆ ಮಟ್ಟ ಇದೆ ಅಂತ ಅರ್ಥ. ಎರಡು ಬದಿ ಗೊತ್ತಿದ್ದರೆ ಓರೆ ದಾರದ ಉದ್ದ ತಾನಾಗಿ ಗೊತ್ತಾಗುತ್ತದೆ.

ಐನ್‌ಸ್ಟೈನ್ ಸಿದ್ಧಾಂತದಲ್ಲಿ ಶಕ್ತಿ, ರಾಶಿ, ಸಂವೇಗ ಮೂರೂ ಇಂಥದ್ದೇ ಒಂದು ತ್ರಿಕೋನದಲ್ಲಿ ಕೂಡುತ್ತವೆ. ಒಂದು ಗೋಡೆ ರಾಶಿಯದು. ಇನ್ನೊಂದು ಗೋಡೆ ಸಂವೇಗದ್ದು. ಓರೆ ದಾರ ಒಟ್ಟು ಶಕ್ತಿ. ಮೂರನ್ನೂ ಒಂದೇ ಅಳತೆಗೋಲಿಗೆ ತರಲು ಸಂವೇಗವನ್ನು ಬೆಳಕಿನ ವೇಗದಿಂದ ಒಮ್ಮೆ, ರಾಶಿಯನ್ನು ಎರಡು ಸಲ ಗುಣಿಸುತ್ತಾರೆ. ಗಣಿತ ಇಷ್ಟೇ.

ನಿಂತ ಲಾರಿಯನ್ನು ತೆಗೆದುಕೊಳ್ಳಿ. ಸಂವೇಗದ ಗೋಡೆ ಸೊನ್ನೆ. ಆಗ ಓರೆ ದಾರ ರಾಶಿಯ ಗೋಡೆಗೇ ಅಂಟಿಕೊಳ್ಳುತ್ತದೆ. ಶಕ್ತಿ ಅಂದರೆ ರಾಶಿ ಗುಣಿಸು ಬೆಳಕಿನ ವೇಗದ ವರ್ಗ. ಎಲ್ಲರೂ ಟೀ ಶರ್ಟ್ ಮೇಲೆ ನೋಡಿರುವ ಸಮೀಕರಣ ಇದೇ. ಅದು ನಿಂತ ವಸ್ತುವಿನ ಲೆಕ್ಕ ಎಂಬುದನ್ನು ಜಾಸ್ತಿ ಜನ ಹೇಳುವುದಿಲ್ಲ. ಗೊಂದಲ ಹುಟ್ಟುವುದು ಅಲ್ಲಿಯೇ ಅಂತ ನನಗೆ ಅನ್ನಿಸುತ್ತದೆ.

ಅದೇ ಲಾರಿ ಸೊಲ್ಲಾಪುರ ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೊರಟಿತು ಅಂದುಕೊಳ್ಳಿ. ರಾಶಿಯ ಗೋಡೆ ಒಂದು ಕಿಲೋಮೀಟರ್ ಉದ್ದ ಇದೆ ಅಂತ ಇಟ್ಟುಕೊಂಡರೆ ಸಂವೇಗದ ಗೋಡೆ 0.1 ಮಿ.ಮೀ.ಗಿಂತಲೂ ಕಡಿಮೆ. ಕಾಗದದ ದಪ್ಪ! ನಮ್ಮ ದಿನದ ಬದುಕಿನ ಎಲ್ಲ ವಸ್ತುಗಳೂ ಈ ಮೂಲೆಯಲ್ಲೇ ಇವೆ. ಇಲ್ಲಿ ಮಾತ್ರ "ಸಂವೇಗ ಅಂದರೆ ರಾಶಿ ಗುಣಿಸು ವೇಗ" ಎಂಬ ಒಂಬತ್ತನೇ ತರಗತಿಯ ಸೂತ್ರ ಚೆನ್ನಾಗಿ ನಡೆಯುತ್ತದೆ. ಅದು ತಪ್ಪಲ್ಲ, ನಿಧಾನದ ವಸ್ತುಗಳಿಗೆ ಮಾಡಿದ ಸೂತ್ರ.

ಫೋಟಾನ್ ಇರುವುದು ಇನ್ನೊಂದು ತುದಿಯಲ್ಲಿ. ಅಲ್ಲಿ ರಾಶಿಯ ಗೋಡೆಯೇ ಇಲ್ಲ. ಒಂದು ಬದಿ ಸೊನ್ನೆ ಆದಾಗ ಓರೆ ದಾರ ಸಂವೇಗದ ಗೋಡೆಯ ಮೇಲೆ ಮಲಗುತ್ತದೆ. ಎರಡೂ ಸಮ. ಅಂದರೆ ಫೋಟಾನ್‌ನ ಸಂವೇಗ ಅದರ ಶಕ್ತಿಯನ್ನು ಬೆಳಕಿನ ವೇಗದಿಂದ ಭಾಗಿಸಿದಷ್ಟು. ರಾಶಿ ಸೊನ್ನೆ ಆಗಿದ್ದರಿಂದ ಸಂವೇಗ ಸೊನ್ನೆ ಆಗಲಿಲ್ಲ. ಇದ್ದ ಶಕ್ತಿಯೆಲ್ಲ ಸಂವೇಗದ ಕಡೆಗೇ ಹೋಯಿತು.

ಇದೇ ತ್ರಿಕೋನ ಇನ್ನೊಂದು ಮಾತನ್ನೂ ಹೇಳುತ್ತದೆ. ಫೋಟಾನನ್ನು ನಿಲ್ಲಿಸಿದರೆ? ರಾಶಿಯ ಗೋಡೆ ಮೊದಲೇ ಇಲ್ಲ, ಸಂವೇಗದ್ದೂ ಹೋಯಿತು, ಓರೆ ದಾರವೂ ಸೊನ್ನೆ. ಏನೂ ಉಳಿಯಲಿಲ್ಲ. ಹಾಗಾಗಿ ನಿಂತ ಫೋಟಾನ್ ಎಂಬುದು ಇಲ್ಲ. ಅದು ಓಡುತ್ತಿರುತ್ತದೆ, ಇಲ್ಲವೇ ಯಾವುದೋ ಎಲೆಕ್ಟ್ರಾನ್‌ಗೆ ತನ್ನದೆಲ್ಲವನ್ನೂ ಕೊಟ್ಟು ಇಲ್ಲವಾಗುತ್ತದೆ. ಮಾಳಿಗೆಯ ಫಲಕದಲ್ಲಿ ಕ್ಷಣಕ್ಷಣಕ್ಕೂ ನಡೆಯುವುದು ಇದೇ.

"ಓಡುವಾಗ ರಾಶಿ ಬರುತ್ತದೆ" ಎಂಬ ಮಾತು

ಹಳೆಯ ಪುಸ್ತಕಗಳಲ್ಲಿ ಫೋಟಾನ್‌ಗೆ ನಿಂತಾಗ ರಾಶಿ ಇಲ್ಲ, ಓಡುವಾಗ ಇದೆ ಎಂದು ಬರೆದಿರುತ್ತಾರೆ. ಅಲ್ಲಿ ಅವರು ಶಕ್ತಿಯನ್ನೇ ಬೆಳಕಿನ ವೇಗದ ವರ್ಗದಿಂದ ಭಾಗಿಸಿ ಅದಕ್ಕೆ "ಚಲನೆಯ ರಾಶಿ" ಎಂದು ಹೆಸರಿಟ್ಟಿದ್ದಾರೆ. ಶಕ್ತಿಗೆ ಈಗಾಗಲೇ ಒಂದು ಹೆಸರು ಇರುವಾಗ ಇನ್ನೊಂದು ಏಕೆ? ಇಂದಿನ ಭೌತವಿಜ್ಞಾನಿಗಳು ಈ ಪದವನ್ನು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಮಕ್ಕಳಿಗೆ ಹೇಳುವಾಗ ನಾವೂ ಬಿಡುವುದು ಒಳ್ಳೆಯದು.

ರಾಶಿ ನಿಜವಾಗಿಯೂ ಸೊನ್ನೆಯೇ ಎಂದು ನೋಡಲು ಬೇರೆ ದಾರಿಗಳಿವೆ. ಫೋಟಾನ್‌ಗೆ ಎಳ್ಳಷ್ಟಾದರೂ ರಾಶಿ ಇದ್ದಿದ್ದರೆ, ಖಾಲಿ ಜಾಗದಲ್ಲಿ ಕೆಂಪು ಮತ್ತು ನೀಲಿ ಬೆಳಕು ಒಂದೇ ವೇಗದಲ್ಲಿ ಓಡುತ್ತಿರಲಿಲ್ಲ. ದೂರ ಹೋದಂತೆ ಅಯಸ್ಕಾಂತದ ಪ್ರಭಾವ ಈಗ ಕಾಣುವುದಕ್ಕಿಂತ ಬೇಗ ಸೊರಗುತ್ತಿತ್ತು. ಗುರುಗ್ರಹದ ಸುತ್ತಲಿನ ಮತ್ತು ಸೂರ್ಯನ ಸುತ್ತಲಿನ ಕಾಂತಕ್ಷೇತ್ರವನ್ನು ನೌಕೆಗಳು ಅಳೆದಿವೆ. ಅಂಥ ಸೊರಗು ಎಲ್ಲೂ ಕಂಡಿಲ್ಲ. ಈ ಅಳತೆಗಳ ಪ್ರಕಾರ ಫೋಟಾನ್‌ಗೆ ರಾಶಿ ಇದ್ದರೂ ಅದು ಒಂದು ಎಲೆಕ್ಟ್ರಾನನ್ನು 5ರ ಮುಂದೆ 23 ಸೊನ್ನೆ ಇಟ್ಟಷ್ಟು ಪಾಲು ಮಾಡಿದರೆ ಸಿಗುವ ಒಂದು ಪಾಲಿನ ಆಸುಪಾಸಿಗಿಂತ ಹೆಚ್ಚಿರಲಾರದು.

ಪೆಟ್ಟು ಬೀಳುವುದು ಯಾರಿಗೆ?

ಲೆಕ್ಕ ಸರಿ. ಆದರೆ ಬೆಳಕು ಒಂದು ತಗಡನ್ನು ನಿಜವಾಗಿ ಹೇಗೆ ಹಿಡಿದು ನೂಕುತ್ತದೆ? ಅದಕ್ಕೆ ಕೈ ಇಲ್ಲ, ಮೈ ಇಲ್ಲ.

ಇಲ್ಲಿ ಬೆಳಕಿನ ಅಲೆಯ ರೂಪ ಸಹಾಯಕ್ಕೆ ಬರುತ್ತದೆ. ಬೆಳಕಿನಲ್ಲಿ ಎರಡು ತೊನೆದಾಟ ಜೊತೆಯಾಗಿ ನಡೆಯುತ್ತವೆ. ಒಂದು ವಿದ್ಯುತ್ತಿನದು, ಇನ್ನೊಂದು ಅಯಸ್ಕಾಂತದ್ದು. ಎರಡೂ ಒಂದಕ್ಕೊಂದು ಅಡ್ಡ, ಬೆಳಕು ಹೋಗುವ ದಾರಿಗೂ ಅಡ್ಡ. ತಗಡಿನಲ್ಲಿರುವ ಎಲೆಕ್ಟ್ರಾನ್ ಮೇಲೆ ಬೆಳಕು ಬಿದ್ದಾಗ ವಿದ್ಯುತ್ತಿನ ಭಾಗ ಅದನ್ನು ಎಡಕ್ಕೆ ಬಲಕ್ಕೆ ಜೋಕಾಲಿಯಂತೆ ಆಡಿಸುತ್ತದೆ. ಈಗ ಎಲೆಕ್ಟ್ರಾನ್ ಓಡುತ್ತಿದೆ. ಓಡುವ ವಿದ್ಯುತ್ ಕಣ ಅಯಸ್ಕಾಂತದ ಹತ್ತಿರ ಬಂದರೆ ಅದಕ್ಕೆ ಪಕ್ಕದಿಂದ ನೂಕು ಸಿಗುತ್ತದೆ. ನಮ್ಮ ಮನೆಯ ಫ್ಯಾನ್ ತಿರುಗುವುದು ಇದೇ ನೂಕಿನಿಂದ. ಇಲ್ಲಿ ಆ ನೂಕು ಬೆಳಕು ಹೋಗುತ್ತಿರುವ ದಿಕ್ಕಿಗೆ, ಅಂದರೆ ಮುಂದಕ್ಕೆ.

ಅಲೆ ತಿರುಗಿದಾಗ ಏನಾಗುತ್ತದೆ? ಎಲೆಕ್ಟ್ರಾನ್ ಓಡುವ ದಿಕ್ಕು ಉಲ್ಟಾ ಆಗುತ್ತದೆ. ಅದೇ ಹೊತ್ತಿಗೆ ಅಯಸ್ಕಾಂತದ ದಿಕ್ಕೂ ಉಲ್ಟಾ. ಎರಡು ಉಲ್ಟಾ ಸೇರಿ ನೂಕು ಮತ್ತೆ ಮುಂದಕ್ಕೇ. ಹೀಗೆ ಎಡ ಬಲ ಕುಣಿತ ಸರಿದೂಗಿ ಹೋಗುತ್ತದೆ, ಮುಂದಿನ ನೂಕು ಮಾತ್ರ ಸೇರುತ್ತಾ ಹೋಗುತ್ತದೆ. ಎಲೆಕ್ಟ್ರಾನ್ ತನ್ನ ಅಣುವಿಗೆ, ಅಣು ಇಡೀ ತಗಡಿಗೆ ಅದನ್ನು ದಾಟಿಸುತ್ತದೆ.

ಒಂದೇ ಒಂದು ಫೋಟಾನ್ ಒಂದೇ ಎಲೆಕ್ಟ್ರಾನ್‌ಗೆ ಹೊಡೆದಿದ್ದನ್ನೂ ಅಳೆದಿದ್ದಾರೆ. 1923ರಲ್ಲಿ ಆರ್ಥರ್ ಕಾಂಪ್ಟನ್ ಎಕ್ಸ್-ರೇಯನ್ನು ಇಂಗಾಲದ ಮೇಲೆ ಬಿಟ್ಟು ನೋಡಿದರು. ಚದುರಿ ಬಂದ ಎಕ್ಸ್-ರೇಯಲ್ಲಿ ಶಕ್ತಿ ಕಡಿಮೆ ಆಗಿತ್ತು. ಎಷ್ಟು ಓರೆಯಾಗಿ ಚದುರಿದೆಯೋ ಅದಕ್ಕೆ ತಕ್ಕಂತೆ ಕಡಿಮೆ. ಕೇರಂ ಬೋರ್ಡಿನಲ್ಲಿ ಸ್ಟ್ರೈಕರ್ ಕಾಯಿಗೆ ಬಡಿದು ಓರೆಯಾಗಿ ಹೋಗುವಾಗ ತನ್ನ ಜೋರನ್ನು ಕಾಯಿಗೆ ಕೊಟ್ಟು ಹೋಗುತ್ತದಲ್ಲ, ಅದೇ ಲೆಕ್ಕ ಇಲ್ಲಿ ಕೂದಲೆಳೆ ಬಿಡದೆ ಹೊಂದಿತು. ಬೆಳಕಿನ ಕಣಕ್ಕೆ ಸಂವೇಗ ಇದೆ ಎಂಬ ಬಗ್ಗೆ ಉಳಿದಿದ್ದ ಅನುಮಾನಗಳನ್ನು ಈ ಪ್ರಯೋಗ ಬಹುಮಟ್ಟಿಗೆ ಕಳೆಯಿತು. 1927ರಲ್ಲಿ ಅವರಿಗೆ ನೊಬೆಲ್ ಬಂತು.

ಜೋಳದ ಕಾಳಿನ ಲೆಕ್ಕ

ಅಜ್ಜನ ಪ್ರಶ್ನೆಗೆ ಬರೋಣ. ಎಷ್ಟು ಭಾರ?

ನೆತ್ತಿಯ ಮೇಲಿನ ಬಿಸಿಲು ಒಂದು ಚದರ ಮೀಟರ್ ನೆಲಕ್ಕೆ ಸುಮಾರು 1000 ವ್ಯಾಟ್ ಶಕ್ತಿ ತರುತ್ತದೆ. ಅದನ್ನು ಬೆಳಕಿನ ವೇಗದಿಂದ ಭಾಗಿಸಿದರೆ ಬಲ ಸಿಗುತ್ತದೆ. ಒಂದು ಗ್ರಾಂನ ಮೂರು ಸಾವಿರ ಪಾಲಿನಲ್ಲಿ ಒಂದು ಪಾಲು ಇಟ್ಟಷ್ಟು ಒತ್ತಡ. ಜೋಳದ ಒಂದು ಕಾಳು ಹೆಚ್ಚುಕಡಿಮೆ 30 ಮಿಲಿಗ್ರಾಂ ತೂಗುತ್ತದೆ. ಅಂದರೆ ಒಂದು ಚದರ ಮೀಟರ್ ಮೇಲೆ ಬೀಳುವ ಬಿಸಿಲಿನ ಒತ್ತಡ ಒಂದು ಜೋಳದ ಕಾಳಿನ ನೂರನೇ ಒಂದು ಪಾಲು. ಮೂರು ಕಿಲೋವ್ಯಾಟಿನ ಫಲಕಗಳು ಸುಮಾರು 15 ಚದರ ಮೀಟರ್ ಜಾಗ ಹಿಡಿಯುತ್ತವೆ. ಅಷ್ಟರ ಮೇಲೂ ಕಾಳಿನ ಆರನೇ ಒಂದು ಪಾಲು ಮಾತ್ರ.

ಗೋಳಗುಮ್ಮಟದ ಒಳಗಿನ ನೆಲ ಸುಮಾರು 1700 ಚದರ ಮೀಟರ್ ಇದೆ. ಗುಮ್ಮಟ ಇಲ್ಲದೆ ಅಷ್ಟೂ ನೆಲದ ಮೇಲೆ ನಡುಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದರೆ, ಆ ಇಡೀ ನೆಲಕ್ಕೆ ಹದಿನೆಂಟು ಇಪ್ಪತ್ತು ಜೋಳದ ಕಾಳು ಇಟ್ಟಷ್ಟು ಒತ್ತಡ. ಒಂದು ಚಿಟಿಕೆ.

ಗಾಳಿಯ ಜೊತೆ ಹೋಲಿಸಿ ನೋಡಿ. ಗಂಟೆಗೆ 36 ಕಿ.ಮೀ. ವೇಗದ ಗಾಳಿ ಎದುರು ನಿಂತ ಒಂದು ಚದರ ಮೀಟರ್ ಹಲಗೆಗೆ ಆರು ಕೆ.ಜಿ.ಯಷ್ಟು ನೂಕು ಕೊಡುತ್ತದೆ. ಬಿಸಿಲಿಗಿಂತ ಸುಮಾರು 1.8 ಕೋಟಿ ಪಟ್ಟು ಜಾಸ್ತಿ. ಫಲಕವನ್ನು ಗಟ್ಟಿಯಾಗಿ ಬೋಲ್ಟ್ ಹಾಕಿ ಬಿಗಿಯುವುದು ಗಾಳಿಗೆ ಹೆದರಿ. ಇನ್ನು ನಾವು "ಬಿಸಿಲಿನ ಹೊಡೆತ" ಅನ್ನುತ್ತೇವಲ್ಲ, ತಲೆ ಸುತ್ತಿ ಬೀಳುವುದು, ಅದಕ್ಕೂ ಈ ನೂಕಿಗೂ ಸಂಬಂಧ ಇಲ್ಲ. ಅದು ಶಾಖದ ಕೆಲಸ. ಒಂದೇ ಫೋಟಾನ್ ಶಕ್ತಿಯನ್ನೂ ಸಂವೇಗವನ್ನೂ ತರುತ್ತದೆ. ಶಕ್ತಿ ಮೈ ಸುಡುವಷ್ಟಿರುತ್ತದೆ. ಸಂವೇಗ ಬೇಕಾದರೆ ಅದನ್ನು ಬೆಳಕಿನ ವೇಗದಂಥ ದೊಡ್ಡ ಸಂಖ್ಯೆಯಿಂದ ಭಾಗಿಸಬೇಕು, ಅದಕ್ಕೇ ಅಷ್ಟು ಕಡಿಮೆ.

ಗಾಜಿನ ಬುರುಡೆಯೊಳಗಿನ ಗಿರಿಗಿಟ್ಟಿ

ವಿಜ್ಞಾನ ಪ್ರದರ್ಶನಗಳಲ್ಲಿ ಒಂದು ಗಾಜಿನ ಬುರುಡೆ ಇಡುತ್ತಾರೆ. ಒಳಗೆ ಸೂಜಿಯ ಮೇಲೆ ನಾಲ್ಕು ರೆಕ್ಕೆ. ಪ್ರತಿ ರೆಕ್ಕೆಯ ಒಂದು ಮೈ ಕಪ್ಪು, ಇನ್ನೊಂದು ಹೊಳಪು. ಬಿಸಿಲಿಗಿಟ್ಟರೆ ಗಿರಗಿರ ತಿರುಗುತ್ತದೆ. "ನೋಡಿ, ಬೆಳಕು ತಳ್ಳುತ್ತಿದೆ" ಅಂತ ವಿವರಿಸುತ್ತಾರೆ. ಇದು ತಪ್ಪು, ಮತ್ತು ಯಾಕೆ ತಪ್ಪು ಅಂತ ತಿಳಿಯುವುದು ಒಳ್ಳೆಯ ಪಾಠ.

ತೆಪ್ಪದ ನಿಂಬೆಹಣ್ಣು ನೆನಪಿಸಿಕೊಳ್ಳಿ. ಹೊಳಪಿನ ಮೈ ಬೆಳಕನ್ನು ಪುಟಿಸುತ್ತದೆ, ಅಲ್ಲಿ ಎರಡು ಪಟ್ಟು ನೂಕು. ಕಪ್ಪು ಮೈ ನುಂಗುತ್ತದೆ, ಒಂದೇ ಪಟ್ಟು. ಹಾಗಾಗಿ ಬೆಳಕೇ ತಳ್ಳುತ್ತಿದ್ದರೆ ಹೊಳಪಿನ ಮೈ ಹಿಂದೆ ಸರಿಯಬೇಕು. ಆದರೆ ಬುರುಡೆಯಲ್ಲಿ ಕಪ್ಪು ಮೈ ಹಿಂದೆ ಸರಿಯುತ್ತದೆ! ಒಳಗೆ ಸ್ವಲ್ಪ ಗಾಳಿ ಉಳಿದಿರುತ್ತದೆ. ಕಪ್ಪು ಮೈ ಜಾಸ್ತಿ ಕಾಯುತ್ತದೆ. ಆ ಬಿಸಿಯ ವ್ಯತ್ಯಾಸದಿಂದ ಗಾಳಿಯ ಕಣಗಳು ರೆಕ್ಕೆಯನ್ನು ನೂಕುತ್ತವೆ. 1873ರಲ್ಲಿ ವಿಲಿಯಂ ಕ್ರೂಕ್ಸ್ ಇದನ್ನು ಮಾಡಿದಾಗ ಅವರಿಗೂ ಮೊದಲು ಇದು ಬೆಳಕಿನ ಒತ್ತಡ ಅಂತಲೇ ಅನ್ನಿಸಿತ್ತು.

ಬೆಳಕಿಗೆ ಒತ್ತಡ ಇದೆ ಎಂದು ಸಮೀಕರಣದಿಂದ ತೋರಿಸಿದವರು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್. ಅದನ್ನು ನಿಜವಾಗಿ ಅಳೆಯಲು ಗಾಳಿಯ ಕಾಟ ತಪ್ಪಿಸಬೇಕಿತ್ತು, ಅದಕ್ಕೆ ಕಾಲ ಹಿಡಿಯಿತು. 1900ರ ಹೊತ್ತಿಗೆ ರಷ್ಯಾದ ಪ್ಯೋತ್ರ್ ಲೆಬೆಡೆವ್, ಅದರ ಬೆನ್ನಿಗೇ ಅಮೆರಿಕದ ನಿಕೋಲ್ಸ್ ಮತ್ತು ಹಲ್, ಸಣ್ಣ ದಾರಕ್ಕೆ ತೂಗುಬಿಟ್ಟ ಹಗುರ ರೆಕ್ಕೆಯ ಮೇಲೆ ಬೆಳಕು ಬಿಟ್ಟು ದಾರ ಎಷ್ಟು ತಿರುಚಿತು ಎಂದು ಅಳೆದರು. ಮ್ಯಾಕ್ಸ್‌ವೆಲ್ ಲೆಕ್ಕ ಸರಿಯಾಗಿತ್ತು.

ಗಾಳಿ ಇಲ್ಲದ ಕಡೆ ಬೆಳಕೇ ಗಾಳಿ

ಭೂಮಿಯ ಮೇಲೆ ಬೆಳಕಿನ ನೂಕು ಗಾಳಿಯ ಗದ್ದಲದಲ್ಲಿ ಕಳೆದುಹೋಗುತ್ತದೆ. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ, ತಿಕ್ಕಾಟ ಇಲ್ಲ, ಬಿಸಿಲಿಗೆ ಬಿಡುವಿಲ್ಲ. ಅಲ್ಲಿ ಕಾಳಿನ ಪಾಲೂ ದಿನ ದಿನ ಸೇರಿ ದೊಡ್ಡದಾಗುತ್ತದೆ.

ಬಾಲಚುಕ್ಕಿಯ ಬಾಲ ಯಾವಾಗಲೂ ಸೂರ್ಯನಿಂದ ದೂರಕ್ಕೇ ಚಾಚಿರುತ್ತದೆ. ಸೂರ್ಯನ ಬೆಳಕು ಅದನ್ನು ನೂಕುತ್ತಿರಬೇಕು ಎಂದು ಕೆಪ್ಲರ್ 1619ರಲ್ಲೇ ಊಹಿಸಿದ್ದರು. ಧೂಳಿನ ಬಾಲದ ಮಟ್ಟಿಗೆ ಆ ಊಹೆ ಸರಿ. ಇನ್ನೊಂದು ನೀಲಿ ಬಾಲ ಇರುತ್ತದೆ, ಅದನ್ನು ಎಳೆದೊಯ್ಯುವುದು ಸೂರ್ಯನಿಂದ ಹೊರಡುವ ವಿದ್ಯುತ್ ಕಣಗಳ ಗಾಳಿ. ಧೂಳು ಹಾರುತ್ತದೆ, ಬಾಲಚುಕ್ಕಿಯ ಗಡ್ಡೆ ಹಾರುವುದಿಲ್ಲ ಯಾಕೆ? ಕಣದಲ್ಲಿ ತೂರುವಾಗ ಹೊಟ್ಟು ಹಾರಿ ಕಾಳು ಕೆಳಗೆ ಬೀಳುತ್ತದಲ್ಲ, ಅದೇ ಕಾರಣ. ಸಣ್ಣ ಚೂರಿಗೆ ಭಾರ ಕಡಿಮೆ, ಅದಕ್ಕೆ ಹೋಲಿಸಿದರೆ ಮೈ ಅಗಲ ಜಾಸ್ತಿ.

ನಮ್ಮ ದೇಶದ ಇನ್ಸಾಟ್ ಉಪಗ್ರಹಗಳಲ್ಲಿ ಇದರ ಒಂದು ಒಳ್ಳೆಯ ಉದಾಹರಣೆ ಇದೆ. 2003ರಲ್ಲಿ ಹಾರಿಸಿದ ಇನ್ಸಾಟ್-3ಎಯಲ್ಲಿ ಸೋಲಾರ್ ಫಲಕ ಒಂದೇ ಬದಿಗಿತ್ತು. ಮೋಡದ ಚಿತ್ರ ತೆಗೆಯುವ ಉಪಕರಣವನ್ನು ತಣ್ಣಗಿಡಲು ಇನ್ನೊಂದು ಬದಿ ಖಾಲಿ ಬೇಕಿತ್ತು. ಆದರೆ ಒಂದೇ ಬದಿ ಫಲಕ ಇದ್ದರೆ ಬಿಸಿಲು ಆ ಕಡೆ ಮಾತ್ರ ಒತ್ತುತ್ತದೆ, ಉಪಗ್ರಹ ನಿಧಾನವಾಗಿ ತಿರುಗಿಬಿಡುತ್ತದೆ. ತಕ್ಕಡಿಯ ಒಂದು ತಟ್ಟೆಗೆ ಮಾತ್ರ ಭಾರ ಹಾಕಿದಂತೆ. ಅದಕ್ಕೆ ಇನ್ನೊಂದು ಬದಿಯಲ್ಲಿ ಉದ್ದನೆಯ ಕೋಲಿನ ತುದಿಗೆ ಒಂದು ಸಣ್ಣ ಹಾಯಿ ಕಟ್ಟಿದರು. ಹಾಯಿ ಚಿಕ್ಕದು, ಕೋಲು ಉದ್ದ, ಲೆಕ್ಕ ಸರಿದೂಗಿತು. ಈ ಉಪಗ್ರಹಗಳನ್ನು ನೋಡಿಕೊಳ್ಳುವುದು ನಮ್ಮ ಹಾಸನದ ಇಸ್ರೋ ಕೇಂದ್ರ. ಬಿಸಿಲಿನ ನೂಕನ್ನು ನಿತ್ಯದ ಕೆಲಸವಾಗಿ ಲೆಕ್ಕ ಹಾಕುವವರು ಕರ್ನಾಟಕದಲ್ಲೇ ಇದ್ದಾರೆ ಅಂತ ತಿಳಿದಾಗ ನನಗೆ ಖುಷಿಯಾಯಿತು.

ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಕಥೆಯೂ ಇದೇ. ಬಿಸಿಲಿನ ನೂಕನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಉಪಗ್ರಹ ಎಲ್ಲಿದೆ ಎಂಬ ಅಂದಾಜು ಒಂದೇ ದಿನದಲ್ಲಿ ನೂರಾರು ಮೀಟರ್ ತಪ್ಪುತ್ತದೆ.

2010ರಲ್ಲಿ ಜಪಾನ್ ಈ ನೂಕನ್ನೇ ನೆಚ್ಚಿಕೊಂಡು ಇಕಾರೋಸ್ ಎಂಬ ನೌಕೆ ಕಳಿಸಿತು. 14 ಮೀಟರ್ ಬದಿಯ ಚೌಕದ ಹಾಯಿ. ದಪ್ಪ ಬರೀ 7.5 ಮೈಕ್ರಾನ್, ಅಂದರೆ ತಲೆಕೂದಲಿಗಿಂತ ಎಷ್ಟೋ ತೆಳು. ಅಷ್ಟು ದೊಡ್ಡ ಹಾಯಿಗೆ ಸಿಕ್ಕ ನೂಕು 1.12 ಮಿಲಿನ್ಯೂಟನ್. ನಮ್ಮ ಲೆಕ್ಕದಲ್ಲಿ ನಾಲ್ಕು ಜೋಳದ ಕಾಳು. ಸುಮಾರು 300 ಕೆ.ಜಿ. ನೌಕೆಗೆ ನಾಲ್ಕು ಕಾಳಿನ ನೂಕು! ಆದರೂ ಒಂದು ದಿನಕ್ಕೆ ಅದರ ವೇಗ ಸೆಕೆಂಡಿಗೆ 30 ಸೆಂ.ಮೀ.ಯಷ್ಟು ಬದಲಾಗುತ್ತದೆ. ಇಂಧನ ಖರ್ಚಿಲ್ಲದೆ, ದಿನಾ.

ತೀರಾ ಸಣ್ಣದರ ಲೋಕದಲ್ಲೂ ಬೆಳಕಿನ ನೂಕು ಕೆಲಸಕ್ಕೆ ಬರುತ್ತದೆ. ಒಂದು ಬ್ಯಾಕ್ಟೀರಿಯಾಕ್ಕೆ ಕಾಳಿನ ಕೋಟಿಯ ಪಾಲಿನ ನೂಕೂ ದೊಡ್ಡದೇ. ಲೇಸರ್ ಕಿರಣವನ್ನು ಒಂದು ಚುಕ್ಕೆಗೆ ಕೂಡಿಸಿ, ಆ ಚುಕ್ಕೆಯಲ್ಲಿ ಜೀವಂತ ಬ್ಯಾಕ್ಟೀರಿಯಾವನ್ನು ಚಿಮಟದಲ್ಲಿ ಹಿಡಿದಂತೆ ಹಿಡಿಯುವ ವಿಧಾನವನ್ನು ಆರ್ಥರ್ ಆಶ್ಕಿನ್ ಕಂಡುಹಿಡಿದರು. 2018ರಲ್ಲಿ ನೊಬೆಲ್ ಬಂದಾಗ ಅವರಿಗೆ 96 ವರ್ಷ.

ರಾಶಿ ಇಲ್ಲದ್ದು ರಾಶಿಯನ್ನು ಹೊತ್ತೊಯ್ಯುತ್ತದೆ

ಮೊಮ್ಮಗನ ಮುಂದಿನ ಪ್ರಶ್ನೆ ಚುರುಕಾಗಿತ್ತು. ಸೂರ್ಯ ಬೆಳಕು ಕೊಟ್ಟು ಕೊಟ್ಟು ಹಗುರ ಆಗುತ್ತಿದೆಯಂತೆ. ಬೆಳಕಿಗೆ ರಾಶಿ ಇಲ್ಲದಿದ್ದರೆ ಅದು ಹೇಗೆ?

ಹಗುರ ಆಗುವುದು ನಿಜ. ಬೆಳಕು ಬೀರಿ ಸೂರ್ಯ ಸೆಕೆಂಡಿಗೆ ಸುಮಾರು 42 ಲಕ್ಷ ಟನ್ ರಾಶಿ ಕಳೆದುಕೊಳ್ಳುತ್ತಾನೆ. ಮತ್ತೆ ಗೌಂಡಿಯ ತ್ರಿಕೋನಕ್ಕೆ ಹೋಗೋಣ. ಒಂದು ಫೋಟಾನನ್ನು ಒಂಟಿಯಾಗಿ ನೋಡಿದರೆ ರಾಶಿಯ ಗೋಡೆ ಸೊನ್ನೆ. ಈಗ ಎದುರು ಬದುರು ಓಡುವ ಎರಡು ಫೋಟಾನ್‌ಗಳನ್ನು ಒಟ್ಟಿಗೆ ನೋಡಿ. ಸಂವೇಗಕ್ಕೆ ದಿಕ್ಕಿದೆ. ಹಗ್ಗಜಗ್ಗಾಟದಲ್ಲಿ ಎರಡೂ ಕಡೆ ಸಮ ಎಳೆದಂತೆ ಎರಡರ ಸಂವೇಗ ಒಂದನ್ನೊಂದು ಕಳೆದು ಸೊನ್ನೆ. ಶಕ್ತಿಗೆ ದಿಕ್ಕಿಲ್ಲ, ಅದು ಕೂಡುತ್ತದೆ. ಸಂವೇಗದ ಗೋಡೆ ಇಲ್ಲ, ಓರೆ ದಾರ ಇದೆ. ಹಾಗಾದರೆ ಅದು ರಾಶಿಯ ಗೋಡೆಗೆ ಅಂಟಿಕೊಳ್ಳಲೇಬೇಕು. ಒಂದೊಂದಕ್ಕೂ ಇಲ್ಲದ ರಾಶಿ ಜೋಡಿಗೆ ಬಂತು!

ಒಳಗೆಲ್ಲ ಕನ್ನಡಿ ಇರುವ ಪೆಟ್ಟಿಗೆಯಲ್ಲಿ ಬೆಳಕು ತುಂಬಿ ಮುಚ್ಚಿದರೆ ಪೆಟ್ಟಿಗೆ ತೂಕದಲ್ಲಿ ಎಳ್ಳಿನ ಪಾಲಿನಷ್ಟು ಏರುತ್ತದೆ. ಯಾಕೆಂದರೆ ಕೆಳಗೆ ಬರುವ ಬೆಳಕು ಭೂಮಿಯ ಸೆಳೆತದಿಂದ ಸ್ವಲ್ಪ ಶಕ್ತಿ ಗಳಿಸಿ ತಳಕ್ಕೆ ಜಾಸ್ತಿ ಬಡಿಯುತ್ತದೆ. ಮೇಲೆ ಹೋಗುವಾಗ ಕಳೆದುಕೊಂಡು ಮುಚ್ಚಳಕ್ಕೆ ಕಡಿಮೆ ಬಡಿಯುತ್ತದೆ. ಆ ವ್ಯತ್ಯಾಸವೇ ತಕ್ಕಡಿಗೆ ತೂಕವಾಗಿ ಕಾಣುತ್ತದೆ. ಬಿಸಿಲಿನಿಂದ ಚಾರ್ಜ್ ಆದ ಬ್ಯಾಟರಿಯಲ್ಲೂ ಹೀಗೆಯೇ. ಒಂದು ಯೂನಿಟ್ ತುಂಬಿದರೆ ಅದರ ರಾಶಿ ಒಂದು ಗ್ರಾಂನ ನೂರು ಕೋಟಿ ಪಾಲಿನಲ್ಲಿ 40 ಪಾಲು ಹೆಚ್ಚುತ್ತದೆ. ಅದನ್ನು ತೂಗುವ ತಕ್ಕಡಿ ಇಲ್ಲ.

ಸೆಳೆತದ ಮಾತು ಬಂತು. ರಾಶಿ ಇಲ್ಲದ ಬೆಳಕನ್ನು ಸೂರ್ಯ ಹೇಗೆ ಬಗ್ಗಿಸುತ್ತಾನೆ ಎಂದು ಬಹಳ ಜನ ಕೇಳುತ್ತಾರೆ. ಐನ್‌ಸ್ಟೈನ್ ಪ್ರಕಾರ ಗುರುತ್ವ ಅಂದರೆ ಜಾಗ ಮತ್ತು ಕಾಲವೇ ಬಾಗಿರುವುದು. ಬಾಗಿದ ರಸ್ತೆಯಲ್ಲಿ ಲಾರಿಯೂ ಬಾಗಿ ಹೋಗಬೇಕು, ಸೈಕಲ್ಲೂ ಬಾಗಿ ಹೋಗಬೇಕು, ಭಾರ ಕೇಳುವುದಿಲ್ಲ. 1919ರ ಸೂರ್ಯಗ್ರಹಣದಲ್ಲಿ ನಕ್ಷತ್ರದ ಬೆಳಕು ಸೂರ್ಯನ ಅಂಚಿನಲ್ಲಿ ಬಾಗಿದ್ದನ್ನು ಎಡಿಂಗ್ಟನ್ ಮತ್ತು ಜೊತೆಗಾರರು ಅಳೆದರು.

ಟಾರ್ಚ್ ಹಚ್ಚಿದರೆ ಕೈ ಹಿಂದೆ ಹೋಗಬೇಕಲ್ವಾ?

ಇದು ಹುಡುಗನ ಕೊನೆಯ ಪ್ರಶ್ನೆ. ಹೌದು, ಹೋಗಬೇಕು. ಬೆಳಕು ಮುಂದಕ್ಕೆ ಸಂವೇಗ ಒಯ್ದರೆ ಟಾರ್ಚಿಗೆ ಅಷ್ಟೇ ಸಂವೇಗ ಹಿಂದಕ್ಕೆ ಸಿಗಬೇಕು. ಒಂದು ವ್ಯಾಟ್ ಬೆಳಕು ಬಿಡುವ ಟಾರ್ಚಿಗೆ ಸಿಗುವ ಹಿಂದಿನ ನೂಕು ಒಂದು ಚದರ ಮೀಟರ್ ಬಿಸಿಲಿನದರ ಸಾವಿರದ ಒಂದು ಪಾಲು. ಕೈಗೆ ಗೊತ್ತಾಗುವ ಮಾತೇ ಇಲ್ಲ.

ಆದರೆ ಇದೇ ನೂಕು ವಿಜ್ಞಾನಿಗಳನ್ನು ವರ್ಷಗಟ್ಟಲೆ ಕಾಡಿದೆ. 1972 ಮತ್ತು 1973ರಲ್ಲಿ ಅಮೆರಿಕ ಹಾರಿಸಿದ ಪಯೋನಿಯರ್-10 ಮತ್ತು 11 ನೌಕೆಗಳು ಗ್ರಹಗಳನ್ನು ದಾಟಿ ದೂರ ಹೋದವು. ಅವು ಲೆಕ್ಕಕ್ಕಿಂತ ಸ್ವಲ್ಪ ನಿಧಾನ ಆಗುತ್ತಿದ್ದವು, ಯಾರೋ ಹಿಂದಿನಿಂದ ಸೂರ್ಯನ ಕಡೆಗೆ ಎಳೆದಂತೆ. ಎಷ್ಟು ಎಳೆತ? ಸೆಕೆಂಡಿಗೆ ಒಂದು ಮೀಟರ್ ವೇಗ ಕಳೆದುಕೊಳ್ಳಲು 36 ವರ್ಷ ಬೇಕಾಗುವಷ್ಟು. ಗುರುತ್ವದ ನಿಯಮವೇ ತಪ್ಪಿರಬಹುದೇ ಎಂದು ಕೂಡ ಕೆಲವರು ಯೋಚಿಸಿದರು. ಕೊನೆಗೆ 2012ರಲ್ಲಿ ಹಳೆಯ ದಾಖಲೆಗಳನ್ನೆಲ್ಲ ತೆಗೆದು ನೌಕೆಯ ಪ್ರತಿ ಮೂಲೆಯ ಬಿಸಿಯನ್ನು ಲೆಕ್ಕ ಹಾಕಿ ನೋಡಿದಾಗ ಉತ್ತರ ಸಿಕ್ಕಿತು.

ಬಿಸಿಯಾದ ವಸ್ತು ಕಣ್ಣಿಗೆ ಕಾಣದ ಬೆಳಕನ್ನು ಬಿಡುತ್ತದೆ. ಅದನ್ನು ಅವಕೆಂಪು ಎನ್ನುತ್ತಾರೆ, ಅದೂ ಫೋಟಾನ್‌ಗಳದ್ದೇ. ನೌಕೆಯ ವಿದ್ಯುತ್ ಯಂತ್ರ ಮತ್ತು ಉಪಕರಣಗಳ ಬಿಸಿ ಎಲ್ಲ ಕಡೆಗೂ ಸಮವಾಗಿ ಹೋಗುತ್ತಿರಲಿಲ್ಲ. ಸೂರ್ಯನಿಗೆ ಬೆನ್ನಾದ ಕಡೆಗೆ ಸ್ವಲ್ಪ ಜಾಸ್ತಿ ಹೋಗುತ್ತಿತ್ತು. ನೌಕೆ ತಾನೇ ಒಂದು ಟಾರ್ಚ್ ಆಗಿ ಮುಂದಕ್ಕೆ ಬೆಳಕು ಬಿಡುತ್ತಾ ಹಿಂದಕ್ಕೆ ನೂಕಿಸಿಕೊಳ್ಳುತ್ತಿತ್ತು. ಕಾಲು ಟನ್ ತೂಕದ ಆ ನೌಕೆಗೆ ಅಷ್ಟು ಎಳೆತ ಬರಬೇಕಾದರೆ ಎಷ್ಟು ವ್ಯಾಟ್ ಬೇಕು ಎಂದು ಹುಡುಗನೂ ನಾನೂ ಮಾಳಿಗೆಯ ಮೇಲೆ ಕೂತು ಲೆಕ್ಕ ಹಾಕಿದೆವು. 65 ಬಂತು. ಅಜ್ಜನ ಮನೆಯ ಪಡಸಾಲೆಯಲ್ಲಿ ಮೊದಲು ಉರಿಯುತ್ತಿದ್ದ ಹಳದಿ ಬಲ್ಬಿನಷ್ಟು.